ಗಡಹಿಂಗ್ಲಜದ ಆ ಒಂದು ತಾಸು

“ಲ್ಯಾಪ್‌ಟಾಪ್ ಮುಚ್ಚಿತ್ತು, ಮಧ್ಯಾಹ್ನವೆಲ್ಲ ಕೊರೋಚಿಯ ಈ ಮನೆಯ ಕಪಾಟಿನಲ್ಲಿತ್ತು. ಇದು ನೀವು ಹೇಳಿದ್ದು. ಕೆಳಗೆ ನಿಮ್ಮದೇ ಸಹಿ.”

ಸಬ್ ಇನ್‌ಸ್ಪೆಕ್ಟರ್ ಸಾರಿಕಾ ಶಿಂದೆ ಆ ಹಾಳೆಯನ್ನು ಊಟದ ಮೇಜಿನ ಮೇಲಿಟ್ಟಳು. ಅದರ ಪಕ್ಕಕ್ಕೆ ಇನ್ನೊಂದು ಹಾಳೆಯನ್ನು ಬೋರಲಾಗಿ ಇಟ್ಟಳು. ಆಕೆ ಸಾತಾರಾ ಕಡೆಯವಳು, ಕೊಲ್ಹಾಪುರದ ಸೈಬರ್ ವಿಭಾಗಕ್ಕೆ ಬಂದು ವರ್ಷವೂ ಆಗಿರಲಿಲ್ಲ. ಮಾತೆಲ್ಲ ಮರಾಠಿ. ಕನ್ನಡ ಒಂದಕ್ಷರವೂ ತಿಳಿಯದು ಎಂದು ಮೊದಲ ದಿನವೇ ನಕ್ಕು ಹೇಳಿದ್ದಳು. ಇವತ್ತು ನಗುತ್ತಿರಲಿಲ್ಲ.

ರುಪಾಲಿಯ ಕಣ್ಣು ಹಾಳೆಯ ಮೇಲಿರಲಿಲ್ಲ. ತೆರೆದ ಬಾಗಿಲಿನಾಚೆ, ಮೆಟ್ಟಿಲ ಮೇಲೆ, ಚೆನ್ನವ್ವ ಮಡಿಲಲ್ಲಿ ಬುತ್ತಿಯ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಹಿತ್ತಲಿನಲ್ಲಿ ಗಂಡನ ಶೆಡ್ಡಿನ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಅಲ್ಲಿ ನೂಲಿನ ಕಾಂಡಿ ತುಂಬುವ ಕೆಲಸ ಚೆನ್ನವ್ವನದು, ಹದಿನಾಲ್ಕು ವರ್ಷದಿಂದ. ಇವತ್ತು ಆಕೆ ಕೆಲಸಕ್ಕೆ ಹೋಗಿರಲಿಲ್ಲ. ಕೊಲ್ಹಾಪುರಕ್ಕೆ ಹೋಗಿ ಮಗನಿಗೆ ರೊಟ್ಟಿ ಮುಟ್ಟಿಸಬೇಕಿತ್ತು.

ಮಗ ಗುರಣ್ಣ ಪೊಲೀಸರ ವಶದಲ್ಲಿದ್ದು ಅಂದಿಗೆ ನಾಲ್ಕನೇ ದಿನ. ರುಪಾಲಿ ಡಿಸೈನ್ ಬಿಡಿಸಿಕೊಡುವ ಕೊಲ್ಹಾಪುರದ ಬಟ್ಟೆ ಕಂಪನಿಯಿಂದ ಹಬ್ಬಕ್ಕೆಂದು ಕಾದಿಟ್ಟಿದ್ದ ನಲವತ್ತೆರಡು ಹೊಸ ಡಿಸೈನುಗಳು ಕಳುವಾಗಿದ್ದವು. ಅವು ಹೊರಗೆ ಹೋದದ್ದು ಹಿಂದಿನ ಗುರುವಾರ ಮಧ್ಯಾಹ್ನ, ರುಪಾಲಿಯ ಹೆಸರಿನಲ್ಲಿ. ತನ್ನ ಲ್ಯಾಪ್‌ಟಾಪ್ ಆ ಮಧ್ಯಾಹ್ನ ತೆರೆದೇ ಇರಲಿಲ್ಲ ಎಂದು ಆಕೆ ಬರೆದುಕೊಟ್ಟಿದ್ದಳು. ಹಾಗಾದರೆ ಆಕೆಯ ಗುಪ್ತಪದ ಗೊತ್ತಿರುವ ಇನ್ನೊಬ್ಬ ಯಾರು? ಕಂಪನಿಯ ಸರ್ವರ್ ನೋಡಿಕೊಳ್ಳುತ್ತಿದ್ದ ಗುರಣ್ಣ ಒಬ್ಬನೇ.

ಸಾರಿಕಾ ಎರಡನೇ ಹಾಳೆಯನ್ನು ಮಗುಚಿದಳು.

“ಲ್ಯಾಪ್‌ಟಾಪಿಗೆ ಕಂಪನಿ ಒಂದು ಡೊಂಗಲ್ ಕೊಟ್ಟಿದೆ, ಅಲ್ಲವೇ? ಇಂಟರ್ನೆಟ್ಟಿಗೆ. ಆ ಗುರುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಆ ಡೊಂಗಲ್ ಗಡಹಿಂಗ್ಲಜದ ಟವರಿನಲ್ಲಿತ್ತು.”

ರುಪಾಲಿ ನೀರಿನ ಲೋಟಕ್ಕೆ ಕೈ ಚಾಚಿದಳು. ಲೋಟ ಖಾಲಿ ಇತ್ತು.

“ಕಪಾಟು ಕೊರೋಚಿಯಲ್ಲಿದೆ. ಡೊಂಗಲ್ ಗಡಹಿಂಗ್ಲಜಕ್ಕೆ ಒಂದೇ ಹೋಯಿತೇ?”

“ನಾನು ಒಯ್ದಿದ್ದೆ” ಎಂದಳು ರುಪಾಲಿ. “ಲ್ಯಾಪ್‌ಟಾಪೂ ಒಯ್ದಿದ್ದೆ.”

ಗಡಹಿಂಗ್ಲಜ ಆಕೆಯ ತವರು. ಅಲ್ಲಿ ಕಾಕಾನ ಮೊಮ್ಮಗನಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ಕಂಪನಿಯವರು ರಜೆ ಕೊಡಲಿಲ್ಲ. ಮನೆ ಬಿಟ್ಟು ಬೇರೆಲ್ಲೂ ಕಂಪನಿಯ ಯಂತ್ರ ಒಯ್ಯಬಾರದು ಎಂಬ ನಿಯಮವಿತ್ತು. ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೇನೆ ಎಂದು ಹೇಳಿ ಆಕೆ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ್ದಳು. ವಿಚಾರಣೆ ಬಂದಾಗ ನೌಕರಿ ಹೋಗುತ್ತದೆ ಎಂಬ ಒಂದೇ ಭಯಕ್ಕೆ ಸುಳ್ಳು ಹೇಳಿದಳು. ಆ ಸುಳ್ಳು ಹೋಗಿ ಗುರಣ್ಣನ ಕೊರಳಿಗೆ ಬೀಳುತ್ತದೆ ಎಂದು ಆಗ ಹೊಳೆದಿರಲಿಲ್ಲ. ಬಿದ್ದ ಮೇಲೆ ಹೊಳೆಯಿತು. ಹೊಳೆದ ಮೇಲೂ ನಾಲ್ಕು ದಿನ ಸುಮ್ಮನಿದ್ದಳು. ಆ ನಾಲ್ಕು ದಿನಕ್ಕೆ ಯಾವ ನೆಪವೂ ಇರಲಿಲ್ಲ.

ಸಾರಿಕಾ ಬೈಯಲಿಲ್ಲ. ಲ್ಯಾಪ್‌ಟಾಪ್ ತರಲು ಹೇಳಿದಳು. ದಿನಾ ಕೆಲಸಕ್ಕೆ ಕೂತಾಗ ಏನೇನು ಮಾಡುತ್ತೀರೋ ಅಷ್ಟನ್ನೂ ಈಗ ನನ್ನ ಮುಂದೆ ಮಾಡಿ ಎಂದಳು.

ರುಪಾಲಿ ಡೊಂಗಲ್ ಚುಚ್ಚಿ, ಗುಪ್ತಪದ ಹೊಡೆದು, ವಿಪಿಎನ್ ಹಚ್ಚಿದಳು. ವಿಪಿಎನ್ ಎಂದರೆ ಮನೆಯಲ್ಲಿ ಕೂತವರಿಗೆ ಕಂಪನಿಯ ಸರ್ವರಿನತನಕ ಕಟ್ಟಿಕೊಟ್ಟ ಮುಚ್ಚಿದ ದಾರಿ. ಹೊರಗಿನವರು ಅದರಲ್ಲಿ ಕಾಲಿಡುವಂತಿಲ್ಲ. ಒಳಗೆ ಬಂದವರನ್ನು ಮಾತ್ರ ಸರ್ವರ್ ಮತ್ತೆ ಯಾರು ಏನು ಎಂದು ಕೇಳುವುದಿಲ್ಲ.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ತೆರೆದುಕೊಂಡಿತು. ಲ್ಯಾಪ್‌ಟಾಪಿನ ಹಾಟ್‌ಸ್ಪಾಟ್ ತಾನಾಗಿಯೇ ಚಾಲೂ ಆಗಿತ್ತು. ಅದಕ್ಕೆ ಎರಡು ಸಾಧನ ಜೋಡಣೆಯಾಗಿವೆ ಎಂದು ಚೌಕ ತೋರಿಸುತ್ತಿತ್ತು. ಒಂದು ರುಪಾಲಿಯ ಟ್ಯಾಬ್. ಇನ್ನೊಂದು ಪಡಸಾಲೆಯ ಟಿವಿ.

ಸಾರಿಕಾ ಪಡಸಾಲೆಯ ಕಡೆ ನೋಡಿದಳು. ಗೋಡೆಯ ಮೇಲಿನ ಟಿವಿ ಆರಿತ್ತು. ಅದರ ಕೆಂಪು ದೀಪ ಮಾತ್ರ ಉರಿಯುತ್ತಿತ್ತು.

“ಕಂಪನಿ ದಾರಿ ಕೊಟ್ಟದ್ದು ಒಂದೇ ಯಂತ್ರಕ್ಕೆ” ಎಂದಳು. “ನಿಮ್ಮ ಮನೆಯ ಟಿವಿ ಕೂಡ ಆ ದಾರಿಯಲ್ಲಿ ಓಡಾಡುತ್ತಿದೆ.”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ರುಪಾಲಿ ಎಲ್ಲವನ್ನೂ ಹೇಳಿದಳು. ಸೀರೆಯ ಅಂಚು, ಬುಟ್ಟಾ ಮೌಸ್ ಹಿಡಿದು ಬಿಡಿಸಿದರೆ ಕೈ ಸೋಲುತ್ತದೆ. ಟ್ಯಾಬಿನ ಮೇಲೆ ಪೆನ್ನಿನಿಂದ ಬಿಡಿಸಿದರೆ ಅರ್ಧ ಹೊತ್ತು ಸಾಕು. ಟ್ಯಾಬಿನಲ್ಲಿ ಸರ್ವರ್ ತೆರೆಯುವುದಿಲ್ಲ. ಯಾವುದೋ ವಿಡಿಯೋ ನೋಡಿ ಸೆಟ್ಟಿಂಗಿನೊಳಗೆ ಹೋಗಿ, ವಿಪಿಎನ್ ಸಂಪರ್ಕವನ್ನು ಬೇರೆಯವರೂ ಬಳಸಬಹುದು ಎಂಬಲ್ಲಿ ಗುರುತು ಹಾಕಿ, ಹಾಟ್‌ಸ್ಪಾಟಿಗೆ ಜೋಡಿಸಿದ್ದಳು. ಕೆಲಸ ಸಲೀಸಾಯಿತು. ಒಂದು ದಿನ ಮನೆಯ ನೆಟ್ ಹೋದಾಗ ಗಂಡ ಆಶಿಷ ಪಾಸ್‌ವರ್ಡ್ ಕೇಳಿದ, ಕೊಟ್ಟಳು. ಅವನೇ ಟಿವಿಗೂ ಹಾಕಿದ. ಆಮೇಲೆ ಅದು ಕಂಪನಿಯ ದಾರಿ ಎನ್ನುವುದೇ ಮರೆತುಹೋಗಿತ್ತು.

“ಇದು ಗುರಣ್ಣನಿಗೆ ಗೊತ್ತಿತ್ತೇ?”

ಈ ಪ್ರಶ್ನೆಗೇ ಆಕೆ ಹೆದರಿದ್ದಳು.

“ಗೊತ್ತಿತ್ತು.”

ಎರಡು ತಿಂಗಳ ಹಿಂದೆ ಗುರಣ್ಣ ಫೋನ್ ಮಾಡಿದ್ದ. ಅವನಿಗೆ ಈ ನೌಕರಿ ಸಿಕ್ಕಿದ್ದು ರುಪಾಲಿಯ ಮಾತಿನಿಂದ. ಅಕ್ಕಾ ಎಂದೇ ಕರೆಯುತ್ತಿದ್ದ. “ಅಕ್ಕಾ, ಆ ದಾರಿ ಒಂದ ಯಂತ್ರಕ್ಕ ಅಷ್ಟ ಕೊಟ್ಟದ್ದು. ನಿಮ್ಮ ಹೆಸರಿನ್ಯಾಗ ಬ್ಯಾರೆ ಏನೇನೋ ಬರಾಕತ್ತೈತಿ. ಬಂದ್ ಮಾಡಿಬಿಡ್ರಿ. ನಾ ಯಾರ ಮುಂದೂ ಹೇಳೂದಿಲ್ಲ” ಎಂದಿದ್ದ. ಆಯಿತು ಎಂದಿದ್ದಳು. ಬಂದ್ ಮಾಡಿರಲಿಲ್ಲ.

ಸಾರಿಕಾ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಳು.

“ನಾಲ್ಕು ದಿನದಿಂದ ಅವನನ್ನು ಕೇಳುತ್ತಿದ್ದೇನೆ, ರುಪಾಲಿ. ನೀನಲ್ಲದಿದ್ದರೆ ಇನ್ನು ಯಾರು ಮಾಡಿರಬಹುದು ಅಂತ. ಇದೊಂದು ಮಾತು ಹೇಳಿದ್ದರೆ ಅವನು ಅವತ್ತೇ ಮನೆಗೆ ಹೋಗುತ್ತಿದ್ದ. ಅವನು ಹೇಳಲಿಲ್ಲ.”

ಶೆಡ್ಡಿನ ಸದ್ದು ಒಮ್ಮೆಲೇ ಹೆಚ್ಚಾದಂತೆ ರುಪಾಲಿಗೆ ಅನಿಸಿತು. ಕೊಟ್ಟ ಮಾತಿಗಾಗಿ ಬಾಯಿ ಕಟ್ಟಿಕೊಂಡು ಕೂತವನ ತಾಯಿ ಹೊರಗೆ ತನ್ನದೇ ಮೆಟ್ಟಿಲ ಮೇಲೆ ಕೂತಿದ್ದಾಳೆ. ಬೆಳಿಗ್ಗೆ ಚಹಾ ಬೇಡ ಎಂದಿದ್ದಳು. ಮಗನ ಬಾಯಿಗೆ ಚಹಾ ಬಿದ್ದಿರುತ್ತದೋ ಇಲ್ಲವೋ ಎಂದಿದ್ದಳು.

“ಈಗ ಇದನ್ನು ನೋಡಿ.” ಸಾರಿಕಾ ಮೂರನೇ ಹಾಳೆ ತೆಗೆದಳು. ಅದು ನಿನ್ನೆಯಷ್ಟೇ ಕೈಗೆ ಬಂದ ಸರ್ವರಿನ ಪೂರ್ತಿ ದಾಖಲೆ. ಗುರುವಾರ ಮಧ್ಯಾಹ್ನ ಮೂರು ಇಪ್ಪತ್ತರಿಂದ ಮೂರು ನಲವತ್ತೈದರ ನಡುವೆ ನಲವತ್ತೆರಡು ಫೈಲು ಇಳಿದಿದ್ದವು. ದಾರಿ ರುಪಾಲಿಯ ಲ್ಯಾಪ್‌ಟಾಪಿನದು. ಆದರೆ ಫೈಲು ಕೇಳಿದ್ದು ಲ್ಯಾಪ್‌ಟಾಪ್ ಅಲ್ಲ, ಒಂದು ಮೊಬೈಲ್ ಫೋನ್. ಯಾವ ಮಾಡೆಲ್ ಎಂಬುದನ್ನೂ ಸರ್ವರ್ ಬರೆದಿಟ್ಟುಕೊಂಡಿತ್ತು.

“ಆ ಹೊತ್ತಿಗೆ ನೀವೆಲ್ಲಿದ್ದಿರಿ?”

ಕಾಕಾನ ಮನೆಯಲ್ಲಿದ್ದಳು. ಮೂರರಿಂದ ನಾಲ್ಕರವರೆಗೆ, ಎಲ್ಲರೊಡನೆ. ದೊಡ್ಡ ಫೈಲುಗಳು ಸರ್ವರಿಗೆ ಏರುತ್ತಿದ್ದವು. ಅದಕ್ಕೇ ಲ್ಯಾಪ್‌ಟಾಪ್ ಆರಿಸದೆ, ಪರದೆಗೆ ಬೀಗ ಹಾಕಿ, ತವರಿನ ಹಿಂದಿನ ಕೋಣೆಯಲ್ಲಿ ಬಿಟ್ಟು ಹೋಗಿದ್ದಳು. ಪರದೆಗೆ ಬೀಗವಿತ್ತು. ಹಾಟ್‌ಸ್ಪಾಟ್ ತೆರೆದೇ ಇತ್ತು.

“ಹಾಟ್‌ಸ್ಪಾಟ್ ಎಷ್ಟು ದೂರ ಹೋಗುತ್ತದೆ? ಒಂದು ಮನೆ, ಹೆಚ್ಚೆಂದರೆ ಅಂಗಳ. ಅಂದರೆ ಕಳ್ಳ ಆ ಮನೆಯೊಳಗೇ ಇದ್ದ.” ಸಾರಿಕಾ ಬೆರಳನ್ನು ಮಾಡೆಲ್ ಹೆಸರಿನ ಮೇಲಿಟ್ಟಳು. “ಆಶಿಷ ಅವರ ಫೋನ್ ಇದಲ್ಲ, ನೋಡಿದ್ದೇನೆ. ಅವರು ಆ ದಿನ ಎರಡೂ ಪಾಳಿ ಶೆಡ್ಡಿನಲ್ಲಿದ್ದೆ ಎಂದಿದ್ದಾರೆ. ಮಗ್ಗ ಕೆಟ್ಟಿತ್ತು, ಮಗ್ಗ ರಿಪೇರಿಯ ಜಾಬರನ ಜೊತೆಗಿದ್ದೆ ಎಂದು. ಇದು ಯಾರ ಫೋನ್?”

ರುಪಾಲಿಗೆ ಆ ಹೆಸರು ನೋಡಿದ ಕೂಡಲೇ ಗೊತ್ತಾಗಿತ್ತು. ಕಳೆದ ದೀಪಾವಳಿಗೆ ಇಚಲಕರಂಜಿಯ ಅಂಗಡಿಯಲ್ಲಿ ನಿಂತು ತಾನೇ ಆರಿಸಿದ ಫೋನು. ಆ ಗುರುವಾರ ಬೆಳಿಗ್ಗೆ ತಾನೇ ಅದಕ್ಕೆ ಹಾಟ್‌ಸ್ಪಾಟ್ ಜೋಡಿಸಿದ್ದಳು. ಮುನಿ ಮಹಾರಾಜರ ಪ್ರವಚನ ನಡುನಡುವೆ ನಿಲ್ಲುತ್ತದೆ ಎಂದು ಅವ್ವ ಬೇಸರಪಟ್ಟುಕೊಂಡಿದ್ದಕ್ಕೆ.

“ನಮ್ಮವ್ವನದು” ಎಂದಳು.

*

ಜೀಪು ಹೊರಡುವಾಗ ಚೆನ್ನವ್ವ ಎದ್ದು ಬಂದು ಕಿಟಕಿ ಹಿಡಿದುಕೊಂಡಳು.

“ಅಕ್ಕಾರ, ನೀವು ಓದಿದವರು. ಮ್ಯಾಡಮ್ಮಗ ಒಂದ ಮಾತ ಹೇಳ್ರಿ. ನನ್ನ ಮಗಾ ಅಂಥಾವ ಅಲ್ರಿ.”

“ಹೇಳೇನಿ, ಚೆನ್ನವ್ವಾ.”

ಅದು ಸುಳ್ಳಲ್ಲ. ಆದರೆ ಏನು ಹೇಳಿದೆ, ಎಷ್ಟು ದಿನ ತಡಮಾಡಿ ಹೇಳಿದೆ ಎಂಬುದನ್ನು ಹೇಳಲು ಬಾಯಿ ಬರಲಿಲ್ಲ. ಚೆನ್ನವ್ವ ಎರಡೂ ಕೈ ಎತ್ತಿ, “ನಿಮ್ಮ ಹೊಟ್ಟಿ ತಣ್ಣಗಿರ್ಲಿ, ಅಕ್ಕಾರ” ಎಂದಳು. ಜೀಪು ಇಚಲಕರಂಜಿ ದಾಟುವವರೆಗೂ ರುಪಾಲಿ ತಲೆ ಎತ್ತಲಿಲ್ಲ.

ನಿಪ್ಪಾಣಿಯಲ್ಲಿ ಅಂಗಡಿಗಳ ಹಲಗೆ ಕನ್ನಡಕ್ಕೆ ತಿರುಗಿದವು. ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಗಡಹಿಂಗ್ಲಜದ ದಾರಿ ಹಿಡಿದ ಮೇಲೆ ಮತ್ತೆ ಮರಾಠಿಗೆ ಬಂದವು. ಸಾರಿಕಾ ದಾರಿಯುದ್ದಕ್ಕೂ ಕೇಳಿದ್ದು ಎರಡೇ ಪ್ರಶ್ನೆ. ಆ ಮಧ್ಯಾಹ್ನ ಮನೆಯಲ್ಲಿ ಯಾರಿದ್ದರು? ತಾಯಿಗೆ ಇಂಗ್ಲಿಷ್ ಓದಲು ಬರುತ್ತದೆಯೇ? ಅಣ್ಣ ಸಮ್ಮೇದ, ಅವನ ಹೆಂಡತಿ ಇಬ್ಬರೂ ಕಾಕಾನ ಮನೆಯಲ್ಲಿ ತನ್ನ ಕಣ್ಣೆದುರಿಗೇ ಇದ್ದರು. ಮೊಣಕಾಲು ನೋವೆಂದು ಅವ್ವ ಒಬ್ಬಳೇ ಮನೆಯಲ್ಲಿ ಉಳಿದಿದ್ದಳು ಎಂದಳು ರುಪಾಲಿ. ಇಂಗ್ಲಿಷ್ ಬರುವುದಿಲ್ಲ. ಫೋನಿನಲ್ಲಿ ಪ್ರವಚನದ ಚಿತ್ರ ಒತ್ತುವುದಷ್ಟೇ ಬರುತ್ತದೆ.

ಹಾಗೆ ಹೇಳುವಾಗ ಎದೆ ಸ್ವಲ್ಪ ಹಗುರಾಗಿತ್ತು. ಅವ್ವನನ್ನು ಯಾರೂ ಕಳ್ಳಿ ಎನ್ನಲಾರರು. ಎಲ್ಲೋ ಲೆಕ್ಕ ತಪ್ಪಿರಬೇಕು.

ಅವ್ವ ಹೀರಾಬಾಯಿ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಶೇಂಗಾ ಆರಿಸುತ್ತಿದ್ದಳು. ಜೊತೆಗೆ ಬಂದವರು ಪೊಲೀಸರು ಎಂದು ತಿಳಿದಾಗ ಸೆರಗು ತಲೆಗೆ ಎಳೆದುಕೊಂಡು ಏಳಲು ಹೋದಳು. ಸಾರಿಕಾ ಬೇಡವೆಂದು ಆಕೆಯ ಎದುರಿಗೇ ನೆಲದ ಮೇಲೆ ಕೂತಳು. ಮರಾಠಿಯಲ್ಲಿ ಆರೋಗ್ಯ ವಿಚಾರಿಸಿದಳು. ಹೀರಾಬಾಯಿಗೆ ಮರಾಠಿ ತಿಳಿಯುತ್ತಿತ್ತು. ಆದರೆ ಗಾಬರಿಯಾದಾಗ ಬಾಯಿಂದ ಹೊರಡುತ್ತಿದ್ದುದು ಕನ್ನಡವೇ. ಪ್ರತಿ ಉತ್ತರವನ್ನೂ ರುಪಾಲಿ ಮರಾಠಿಗೆ ತಿರುಗಿಸಿ ಹೇಳಬೇಕಾಯಿತು.

ಫೋನು ಕರವಸ್ತ್ರದಲ್ಲಿ ಸುತ್ತಿ ದಿಂಬಿನ ಕೆಳಗಿತ್ತು. ಸಾರಿಕಾ ಅದನ್ನು ತೆರೆದು ಬಹಳ ಹೊತ್ತು ನೋಡಿದಳು. ರುಪಾಲಿಯ ಹಾಟ್‌ಸ್ಪಾಟಿನ ಹೆಸರು ಅದರಲ್ಲಿ ಉಳಿದಿತ್ತು. ಯಾವ ಹೊತ್ತಿಗೆ ಏನು ತೆರೆದರು ಎಂಬ ಪಟ್ಟಿಯೂ ಇತ್ತು, ದಿನವೆಲ್ಲ ಪ್ರವಚನ. ಆ ಗುರುವಾರ ಬೆಳಗಿನದಿತ್ತು, ಸಂಜೆಯದಿತ್ತು. ಮೂರರಿಂದ ನಾಲ್ಕರ ನಡುವಿನ ಒಂದು ತಾಸು ಮಾತ್ರ ಖಾಲಿ.

“ಯಾರೋ ಅಷ್ಟನ್ನೇ ಅಳಿಸಿದ್ದಾರೆ” ಎಂದಳು ಸಾರಿಕಾ. “ಇದು ಆಯಿಯ ಕೈಯಿಂದ ಆಗುವ ಕೆಲಸವಲ್ಲ.”

ಅಷ್ಟರಲ್ಲಿ ಆಕೆಯದೇ ಫೋನು ಬಡಿಯಿತು. ಕೊಲ್ಹಾಪುರದ ಕಚೇರಿಯಿಂದ. ಸಾರಿಕಾ ಎದ್ದು ಅಂಗಳಕ್ಕೆ ಹೋದಳು.

ಹೀರಾಬಾಯಿ ಮಗಳ ಕಡೆ ಬಾಗಿದಳು.

“ಅಳಿಯಾರು ನಿನಗ ಹೇಳಲಿಲ್ಲೇನು?”

“ಏನು, ಅವ್ವಾ?”

“ಅವತ್ತ ಬಂದಿದ್ರು. ನೀವೆಲ್ಲಾ ಹೆಸರಿಡೂದಕ್ಕ ಹೋದ ಮ್ಯಾಲೆ. ನೀ ಸಣ್ಣಾಕಿದ್ದಾಗಿನ ಫೋಟೋ ಬೇಕಂದ್ರು. ಲಗ್ನದ ವರ್ಷ ತುಂಬೂ ದಿವಸಕ್ಕ ದೊಡ್ಡದ ಮಾಡಸ್ತೇನಿ, ರುಪಾಗ ಹೇಳಬ್ಯಾಡ್ರಿ ಅಂದ್ರು. ನನ್ನ ಫೋನಿನ್ಯಾಗ ಅದಾವಲ್ಲ, ಫೋನ್ ಕೊಟ್ಟೆ. ಹಿಂದಿನ ಖೋಲ್ಯಾಗ ಕುಂತು ತಕ್ಕೊಂಡ್ರು. ಚಾ ಸುದ್ದಾ ಕುಡೀಲಿಲ್ಲ.”

ರುಪಾಲಿಯ ಕೈ ಮೊರದ ಅಂಚನ್ನು ಹಿಡಿದುಕೊಂಡಿತು.

ಆ ಗುರುವಾರ ರಾತ್ರಿ ಆಕೆ ಕೊರೋಚಿಗೆ ಮರಳಿದಾಗ ಆಶಿಷ ಊಟಕ್ಕೆ ಕಾದಿದ್ದ. ಕಾರ್ಯಕ್ರಮ ಹೇಗಾಯಿತು ಎಂದು ಕೇಳಿದ್ದ. ಕೂಸಿಗೆ ಏನು ಹೆಸರಿಟ್ಟರು ಎಂದು ಕೇಳಿದ್ದ. ಅವ್ವನ ಮೊಣಕಾಲು ಹೇಗಿದೆ ಎಂದೂ ಕೇಳಿದ್ದ. ಇಡೀ ದಿನ ಜಾಬರನ ಜೊತೆ ನಿಂತು ಸೊಂಟ ಬಿದ್ದುಹೋಯಿತು ಎಂದಿದ್ದ. ಆಕೆ ಎಣ್ಣೆ ಬಿಸಿ ಮಾಡಿ ಕೊಟ್ಟಿದ್ದಳು.

ಹನ್ನೊಂದು ವರ್ಷದ ಸಂಸಾರ. ಒಮ್ಮೆಯೂ ದನಿ ಎತ್ತಿದವನಲ್ಲ. ಕಳೆದ ದೀಪಾವಳಿಯಿಂದ ಅರ್ಧ ಮಗ್ಗ ಸುಮ್ಮನೆ ನಿಂತಿವೆ ಎಂದು ಒಳಗೊಳಗೇ ಕುದಿಯುತ್ತಿದ್ದ, ಅಷ್ಟೇ. ಡಿಸೈನ್ ತಂದುಕೊಟ್ಟರೆ ವರ್ಷಪೂರ್ತಿ ಕೆಲಸ ಕೊಡುತ್ತೇವೆ ಎಂದು ಯಾರಾದರೂ ಅವನ ಕಿವಿಯಲ್ಲಿ ಊದಿದರೇ? ಪಾಸ್‌ವರ್ಡ್ ತಾನೇ ಕೊಟ್ಟಿದ್ದಳು. ಸರ್ವರ್ ಎಲ್ಲಿ ತೆರೆಯುತ್ತದೆ ಎಂಬುದನ್ನು ಅವನು ದಿನಾ ತನ್ನ ಭುಜದ ಮೇಲಿಂದ ನೋಡುತ್ತಿದ್ದ. ಯಾವ ಬಾಗಿಲನ್ನೂ ಅವನು ಒಡೆಯಬೇಕಿರಲಿಲ್ಲ. ಎಲ್ಲವನ್ನೂ ತಾನೇ ತೆರೆದಿಟ್ಟಿದ್ದಳು.

ಈಗ ಎದ್ದು ಅಂಗಳಕ್ಕೆ ಹೋಗಿ ಒಂದು ಮಾತು ಹೇಳಿದರೆ ಗುರಣ್ಣ ಸಂಜೆಗೆ ಮನೆಯಲ್ಲಿರುತ್ತಾನೆ. ಅವನ ಜಾಗಕ್ಕೆ ಆಶಿಷ ಹೋಗುತ್ತಾನೆ.

ಒಂದು ರಾತ್ರಿ ಸಾಕು, ಎಂದುಕೊಂಡಳು. ಮೊದಲು ಅವನನ್ನೇ ಕೇಳುತ್ತೇನೆ. ಅವನೇ ಹೋಗಿ ಒಪ್ಪಿಕೊಳ್ಳಲಿ. ನಾಲ್ಕು ದಿನ ಕಾದ ಗುರಣ್ಣ ಇನ್ನೊಂದು ರಾತ್ರಿ ಕಾಯಲಾರನೇ? ಹಾಗೆ ಯೋಚಿಸಿದ ಮರುಕ್ಷಣವೇ ತನ್ನ ಬಗ್ಗೆ ತನಗೇ ಅಸಹ್ಯವಾಯಿತು. ಆದರೂ ಆ ಯೋಚನೆ ಬಿಡಲಿಲ್ಲ.

ಸಾರಿಕಾ ಒಳಗೆ ಬಂದಳು. ಮುಖದಲ್ಲಿ ಏನೂ ಇರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ಕಾಯ್ ಮ್ಹಣಾಲ್ಯಾ ಆಯಿ?”

ಏನಂದರು ತಾಯಿ, ಎಂದು ಸುಮ್ಮನೆ ಕೇಳಿದ ಹಾಗಿತ್ತು. ರುಪಾಲಿ ಉತ್ತರ ಕೊಟ್ಟದ್ದೂ ಹಾಗೆಯೇ, ಸಲೀಸಾದ ಮರಾಠಿಯಲ್ಲಿ. ಆ ಮಧ್ಯಾಹ್ನ ಮನೆಗೆ ಯಾರೂ ಬಂದಿರಲಿಲ್ಲವಂತೆ. ತಾನು ಒಬ್ಬಳೇ ಇದ್ದೆ ಎನ್ನುತ್ತಾಳೆ. ಕಣ್ಣಿಗೆ ನಿದ್ದೆ ಹತ್ತಿತ್ತಂತೆ.

ಹೀರಾಬಾಯಿಯ ಬೆರಳು ಶೇಂಗಾದ ಮೇಲೆ ನಿಂತುಬಿಟ್ಟಿತು. ಆಕೆಗೆ ಮರಾಠಿ ತಿಳಿಯುತ್ತಿತ್ತು. ತನ್ನ ಬಾಯಿಂದ ಬಾರದ ಮಾತನ್ನು ಮಗಳು ತನ್ನ ಹೆಸರಿನಲ್ಲಿ ಹೇಳುವುದನ್ನು ಕೇಳಿಸಿಕೊಂಡಳು. ಆದರೆ ಬಾಯಿ ತೆರೆಯಲಿಲ್ಲ. ಮಗಳ ಮುಖವನ್ನೂ ನೋಡಲಿಲ್ಲ. ಮೊರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

“ಖಂಡಿತವೇ?” ಸಾರಿಕಾ ಕೇಳಿದಳು.

“ಹೌದು.”

“ಇನ್ನೊಮ್ಮೆ ಯೋಚನೆ ಮಾಡಿ ಹೇಳಿ.”

“ಯಾರೂ ಬಂದಿಲ್ಲ, ಮ್ಯಾಡಮ್.”

ಸಾರಿಕಾ ಬಂದು ಮತ್ತೆ ಎದುರಿಗೆ ಕೂತಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಬಗೆಯ ದಣಿವಿತ್ತು.

“ಆಶಿಷ ಎಲ್ಲಿದ್ದಾರೆ ಈಗ?”

ಕೊಲ್ಹಾಪುರದಲ್ಲಿ ಕೆಲಸವಿದೆ ಎಂದು ಬೆಳಿಗ್ಗೆ ಬೈಕ್ ಹತ್ತಿ ಹೋಗಿದ್ದಾರೆ ಎಂದಳು ರುಪಾಲಿ.

“ನಿಜ. ಕೆಲಸ ನಮ್ಮ ಕಚೇರಿಯಲ್ಲೇ ಇತ್ತು. ನಾನು ನಿಮ್ಮ ಮನೆಗೆ ಹೊರಟ ಮೇಲೆ ಬಂದರಂತೆ, ಯಾರೂ ಕರೆಯದೆ. ಹೇಳಿಕೆ ಬರೆದುಕೊಟ್ಟಿದ್ದಾರೆ.” ಫೋನನ್ನು ರುಪಾಲಿಯ ಕಡೆ ತಿರುಗಿಸಿದಳು. “ಫೋಟೋ ತೆಗೆದು ಈಗ ಕಳಿಸಿದರು.”

ಗಂಡನ ಅಕ್ಷರ ರುಪಾಲಿಗೆ ದೂರದಿಂದಲೇ ಗುರುತು ಸಿಕ್ಕಿತು. ಮರಾಠಿಯಲ್ಲಿ ಒಂದೂವರೆ ಪುಟ, ಎಲ್ಲೂ ಕಾಟು ಹೊಡೆಯದೆ ಬರೆದಿದ್ದ. ಗುರುವಾರ ತಾನು ಗಡಹಿಂಗ್ಲಜಕ್ಕೆ ಹೋಗಿದ್ದು ನಿಜ. ಅತ್ತೆಯ ಫೋನಿನಲ್ಲಿ ಡಿಸೈನುಗಳನ್ನು ಇಳಿಸಿಕೊಂಡಿದ್ದೂ ನಿಜ. ಹಾಗೆ ಮಾಡಲು ಹೇಳಿದವಳು ಹೆಂಡತಿ. ಹಾಟ್‌ಸ್ಪಾಟ್ ಹಚ್ಚಿಟ್ಟು, ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಮನೆ ಖಾಲಿ ಮಾಡಿಕೊಟ್ಟವಳೂ ಆಕೆಯೇ. ಪಾಪದ ಗುರಣ್ಣ ಒಳಗೆ ಕೂತಿರುವುದನ್ನು ತನ್ನಿಂದ ಇನ್ನು ನೋಡಲಾಗುವುದಿಲ್ಲ.

ರುಪಾಲಿ ಒಂದೇ ಉಸಿರಿಗೆ ಓದಿದಳು. ಅಕ್ಷರಗಳು ಕಲಸಿಕೊಳ್ಳತೊಡಗಿದವು.

“ಇದು ಸುಳ್ಳು” ಎಂದಳು. “ಮ್ಯಾಡಮ್, ಇದು ಸುಳ್ಳು. ಅವರು ಬಂದಿದ್ದು ನನಗೆ ಗೊತ್ತೇ ಇರಲಿಲ್ಲ. ಅವ್ವ ಈಗಷ್ಟೇ ಹೇಳಿದಳು.”

“ಈಗಷ್ಟೇ ನೀವು ನನಗೆ ಬೇರೆ ಹೇಳಿದಿರಿ.”

ಸಾರಿಕಾ ಬೆರಳಿನಿಂದ ಪುಟವನ್ನು ಮೇಲಕ್ಕೆ ಸರಿಸಿದಳು. ಸಹಿಯ ಮೇಲಿನ ಕೊನೆಯ ಎರಡು ಸಾಲು ಪರದೆಗೆ ಬಂದವು. ಹೇಳಿಕೆ ಮುಗಿದದ್ದು ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಎಂದು ಪಕ್ಕದಲ್ಲಿ ಬರೆದಿತ್ತು. ಆಗ ಜೀಪು ಇನ್ನೂ ಗಡಹಿಂಗ್ಲಜ ಮುಟ್ಟಿರಲಿಲ್ಲ.

“ಇದನ್ನು ಗಟ್ಟಿಯಾಗಿ ಓದಿ” ಎಂದಳು. “ಆಯಿಗೂ ಕೇಳಲಿ.”

ರುಪಾಲಿ ಪರದೆಯಿಂದ ಮುಖ ತಿರುಗಿಸಿದಳು. ಕೊನೆಗೆ ಸಾರಿಕಾ ತಾನೇ ಓದಿದಳು.

‘ನಾನು ಬಂದಿದ್ದೆ ಎಂದು ನನ್ನ ಅತ್ತೆ ಸತ್ಯವನ್ನೇ ಹೇಳುತ್ತಾರೆ. ಆದರೆ ರುಪಾಲಿ ಜೊತೆಗಿದ್ದರೆ, ಯಾರೂ ಬಂದಿರಲಿಲ್ಲ ಎಂದು ಅದನ್ನು ತಿರುಗಿಸಿ ಹೇಳುತ್ತಾಳೆ. ಹಾಗೆ ಹೇಳಿದರೆ, ಈ ಕೆಲಸದಲ್ಲಿ ಆಕೆ ನನ್ನ ಜೊತೆಗಿದ್ದಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.’